ರಿವಾಲ್ವರ್ ಸಿಲಿಂಡರಿನ ಮಾರ್ಪಾಟು: ಅರ್ಧ ಸೆಕೆಂಡಿನ ಲಾಭ, ಒಂದು ನಿಯಮದ ನಷ್ಟ

1999ನೇ ಇಸವಿಯಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಶೂಟರ್ ಜೆರ್ರಿ ಮಿಕುಲೆಕ್ ಅವರು ಸ್ಮಿತ್ ಅಂಡ್ ವೆಸನ್ ಕಂಪನಿಯ 625ನೇ ಮಾದರಿಯ ರಿವಾಲ್ವರಿನಿಂದ ಆರು ಗುಂಡು ಹಾರಿಸಿ, ಖಾಲಿಯಾದ ಸಿಲಿಂಡರನ್ನು ಮತ್ತೆ ತುಂಬಿಸಿ, ಇನ್ನೂ ಆರು ಗುಂಡು ಹಾರಿಸಿದರು. ಇವೆಲ್ಲಕ್ಕೂ ಸೇರಿ ತಗುಲಿದ ಸಮಯ 2.99 ಸೆಕೆಂಡು. ರಿವಾಲ್ವರೆಂಬುದು ಹಳೆಯ ಕಾಲದ ನಿಧಾನಗತಿಯ ಆಯುಧ, ಒಂದೊಂದೇ ಗುಂಡನ್ನು ತುಂಬಿಸಬೇಕು ಎಂಬ ಸಾಮಾನ್ಯ ತಿಳಿವಳಿಕೆಗೆ ಈ ಸಾಧನೆ ಹೊಂದುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಮನುಷ್ಯನ ಕೈಯೇ ಆದರೂ, ಆ ಕೈಗೆ ಅನುಕೂಲ ಒದಗಿಸಿದ್ದು ತೆಳುವಾದ ಒಂದು ಉಕ್ಕಿನ ತಗಡು ಮತ್ತು ಅದು ಕೂರುವಂತೆ ರೂಪಿಸಿದ ಸಿಲಿಂಡರ್.

ಈ ತಗಡನ್ನೂ ಸಿಲಿಂಡರಿನ ಈ ರೂಪವನ್ನೂ ಅವಲಂಬಿಸಿ ಅಮೆರಿಕದಲ್ಲಿ ಒಂದು ಪುಟ್ಟ ಉದ್ದಿಮೆ ಬೆಳೆದಿದೆ. ಒಬ್ಬಿಬ್ಬರು ಕೆಲಸಗಾರರಿರುವ ಯಂತ್ರಶಾಲೆಗಳು ಗ್ರಾಹಕರ ಸಿಲಿಂಡರುಗಳನ್ನು ಜಾಬ್ ವರ್ಕ್ ರೂಪದಲ್ಲಿ ತಿದ್ದಿಕೊಡುತ್ತವೆ. ಗಾತ್ರದಲ್ಲಿ ಅತ್ಯಲ್ಪವಾದ ಈ ವ್ಯವಹಾರ ವಾಣಿಜ್ಯ ದೃಷ್ಟಿಯಿಂದ ಗಮನಾರ್ಹವೆನಿಸುವುದು ಬೇರೊಂದು ಕಾರಣಕ್ಕೆ. ಇಲ್ಲಿ ಮಾರಾಟವಾಗುವ ಸರಕು ಲೋಹವೂ ಅಲ್ಲ, ಕೂಲಿಯೂ ಅಲ್ಲ. ಉಳಿತಾಯವಾಗುವ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿಗೆ ಬೆಲೆ ಕಟ್ಟುವುದು ಸ್ಪರ್ಧೆಯ ನಿಯಮಪುಸ್ತಕ. ಪುಸ್ತಕದ ಒಂದು ಸಾಲು ಬದಲಾದರೆ ಆ ಬೆಲೆಯೂ ಬದಲಾಗುತ್ತದೆ.

ಯುದ್ಧಕಾಲದ ಉಪಾಯ

ರಿವಾಲ್ವರಿನಲ್ಲಿ ಗುಂಡು ಕೂರುವುದು ಸಿಲಿಂಡರೆಂಬ ತಿರುಗುವ ಉರುಳೆಯ ರಂಧ್ರಗಳಲ್ಲಿ. ಸಾಂಪ್ರದಾಯಿಕ ರಿವಾಲ್ವರ್ ಕಾಡತೂಸಿನ ಹಿಂತುದಿಯಲ್ಲಿ ಹೊರಚಾಚಿದ ಒಂದು ಅಂಚು ಇರುತ್ತದೆ. ಅದಕ್ಕೆ ರಿಮ್ ಎಂದು ಹೆಸರು. ಕಾಡತೂಸು ರಂಧ್ರದೊಳಗೆ ಜಾರಿಹೋಗದಂತೆ ತಡೆಯುವುದೂ ಈ ರಿಮ್ಮೇ, ಗುಂಡು ಹಾರಿದ ಬಳಿಕ ಖಾಲಿ ಹಿತ್ತಾಳೆ ಕೋಶವನ್ನು ಹೊರದೂಡಲು ಹಿಡಿತ ಒದಗಿಸುವುದೂ ಇದೇ. ಸಿಲಿಂಡರಿನ ಹಿಂಬದಿಯ ನಡುವೆ ಎಕ್ಸ್‌ಟ್ರ್ಯಾಕ್ಟರ್ ಎಂಬ ನಕ್ಷತ್ರಾಕಾರದ ಬಿಡಿಭಾಗವಿದ್ದು, ಮುಂದಿನ ಕಡ್ಡಿಯನ್ನು ಒತ್ತಿದಾಗ ಅದು ರಿಮ್ಮುಗಳನ್ನು ಒಮ್ಮೆಲೇ ಮೇಲಕ್ಕೆತ್ತುತ್ತದೆ.

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಸೇನೆಗೆ ಬೇಕಾದಷ್ಟು .45 ಕ್ಯಾಲಿಬರಿನ ಪಿಸ್ತೂಲುಗಳು ಇರಲಿಲ್ಲ. ಕೊರತೆ ನೀಗಿಸಲು ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಗಳಿಂದ ರಿವಾಲ್ವರುಗಳನ್ನು ಮಾಡಿಸಲಾಯಿತು. ಆದರೆ ಮದ್ದುಗುಂಡಿನ ದಾಸ್ತಾನು ಎರಡು ಬಗೆಯದಾಗಬಾರದೆಂದು ಪಿಸ್ತೂಲಿನ ಕಾಡತೂಸನ್ನೇ ರಿವಾಲ್ವರಿಗೂ ಬಳಸುವ ನಿರ್ಧಾರವಾಯಿತು. ಪಿಸ್ತೂಲಿನ ಕಾಡತೂಸಿಗೆ ಹೊರಚಾಚಿದ ರಿಮ್ ಇಲ್ಲ. ಹಿಂಭಾಗದಲ್ಲಿ ಒಂದು ಗಾಡಿಯಷ್ಟೇ ಇದೆ. ಎಕ್ಸ್‌ಟ್ರ್ಯಾಕ್ಟರಿಗೆ ಹಿಡಿಯಲು ಏನೂ ಸಿಗದು. ಈ ತೊಡಕಿಗೆ ಕಂಡುಕೊಂಡ ಪರಿಹಾರವೇ ಅರ್ಧಚಂದ್ರಾಕಾರದ ಕ್ಲಿಪ್. ಉಕ್ಕಿನ ತಗಡನ್ನು ಅರೆವೃತ್ತವಾಗಿ ಕತ್ತರಿಸಿ, ಮೂರು ಕಾಡತೂಸುಗಳ ಗಾಡಿಗೆ ಸಿಕ್ಕಿಸಿದರೆ ಮೂರೂ ಒಂದೇ ಗೊಂಚಲಾಗುತ್ತವೆ, ತಗಡೇ ರಿಮ್ಮಿನ ಕೆಲಸ ಮಾಡುತ್ತದೆ. ಎರಡೂ ಕಂಪನಿಗಳು ಸೇರಿ ಇಂಥ ಸುಮಾರು 3 ಲಕ್ಷ ರಿವಾಲ್ವರುಗಳನ್ನು ತಯಾರಿಸಿದವು. ಬೇಗ ತುಂಬಿಸುವ ಸೌಲಭ್ಯ ಆಗ ಯಾರ ಉದ್ದೇಶವೂ ಆಗಿರಲಿಲ್ಲ, ಅನಾಯಾಸವಾಗಿ ಒದಗಿಬಂತು. ದಾಸ್ತಾನು ನಿರ್ವಹಣೆಯ ಅನಿವಾರ್ಯತೆಯೊಂದು ಮುಂದೆ ಕ್ರೀಡಾ ಸಲಕರಣೆಯಾಗಿ ಪರಿಣಮಿಸಿತು.

ಅರ್ಧಚಂದ್ರ ಮುಂದೆ ಪೂರ್ಣಚಂದ್ರವಾಯಿತು. ಆರೂ ಕಾಡತೂಸುಗಳನ್ನು ಒಂದೇ ತಗಡು ಹಿಡಿದುಕೊಳ್ಳುವ ಮೂನ್ ಕ್ಲಿಪ್ ಬಳಕೆಗೆ ಬಂದಿತು. ತುಂಬಿಸುವಾಗ ಆರೂ ಒಟ್ಟಿಗೆ ಒಳಹೋಗುತ್ತವೆ, ತೆಗೆಯುವಾಗ ಆರೂ ಒಟ್ಟಿಗೆ ಹೊರಬೀಳುತ್ತವೆ. ಇದಕ್ಕೆ ಪ್ರತಿಸ್ಪರ್ಧಿಯಾದ ಸ್ಪೀಡ್ ಲೋಡರ್ ಕಾಡತೂಸುಗಳನ್ನು ರಂಧ್ರಗಳಿಗೆ ಬಿಟ್ಟು ತಾನು ಹಿಂದಕ್ಕೆ ಬರುವ ಸಾಧನ. ಅದರಲ್ಲಿ ಬಿಡಿಸುವ ಒಂದು ಹೆಚ್ಚಿನ ಚಲನೆ ಇದೆ. ಮೂನ್ ಕ್ಲಿಪ್ಪಿನಲ್ಲಿ ಆ ಚಲನೆಯೇ ಇಲ್ಲ. ಕ್ಲಿಪ್ ಸಿಲಿಂಡರಿನಲ್ಲೇ ಉಳಿಯುತ್ತದೆ.

ಸಿಲಿಂಡರಿಗೆ ಮಾಡುವ ಕೆಲಸ

ವೇಗಕ್ಕಾಗಿ ಸಿಲಿಂಡರಿಗೆ ಮಾಡುವ ಮಾರ್ಪಾಟುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಚಾಂಫರಿಂಗ್. ಕಾರ್ಖಾನೆಯಿಂದ ಬರುವ ಸಿಲಿಂಡರಿನ ರಂಧ್ರಗಳ ಬಾಯಂಚು ಸಾಮಾನ್ಯವಾಗಿ ಚೂಪಾಗಿಯೇ ಇರುತ್ತದೆ. ಆರು ಗುಂಡುಗಳ ಮೂತಿ ಏಕಕಾಲಕ್ಕೆ ಆರು ರಂಧ್ರಗಳನ್ನು ಹುಡುಕಿಕೊಳ್ಳಬೇಕಾದಾಗ ಒಂದೇ ಒಂದು ಅಂಚಿಗೆ ತಗುಲಿ ನಿಂತರೂ ಉಳಿದ ಐದು ಅಲ್ಲೇ ನಿಲ್ಲುತ್ತವೆ. ಬಾಯಂಚನ್ನು ಇಳಿಜಾರಾಗಿಸಿದರೆ ಗುಂಡಿನ ಮೂತಿ ತಾನಾಗಿ ಒಳಜಾರುತ್ತದೆ. ಸೂಜಿಗೆ ದಾರ ಪೋಣಿಸುವುದಕ್ಕೂ ಆಲಿಕೆಯಲ್ಲಿ ಎಣ್ಣೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಎರಡನೆಯದು ಮೂನ್ ಕ್ಲಿಪ್ಪಿಗೆ ಜಾಗ ಮಾಡಿಕೊಡುವುದು. 625ನೇ ಮಾದರಿಯಂತೆ ಪಿಸ್ತೂಲಿನ ಕಾಡತೂಸಿಗಾಗಿಯೇ ತಯಾರಾದ ರಿವಾಲ್ವರಿಗೆ ಇದು ಬೇಕಿಲ್ಲ. .38 ಅಥವಾ .357ರಂಥ ರಿಮ್ ಉಳ್ಳ ಕಾಡತೂಸಿನ ರಿವಾಲ್ವರಿಗೆ ಮಾತ್ರ ಸಿಲಿಂಡರಿನ ಹಿಂಬದಿಯ ಮುಖವನ್ನು ತಗಡಿನ ದಪ್ಪಕ್ಕೆ ಹೊಂದುವಷ್ಟು ತಗ್ಗಿಸಬೇಕು. ಇಡೀ ಮುಖವನ್ನು ಕೆತ್ತಿಹಾಕುವಂತಿಲ್ಲ. ರಿಮ್ ಆತುಕೊಳ್ಳುವ ಹೊರಸುತ್ತನ್ನು ಹಾಗೆಯೇ ಉಳಿಸಿ, ಒಳಸುತ್ತಿನಲ್ಲಿ ಮಾತ್ರ ತಗ್ಗು ಮಾಡಲಾಗುತ್ತದೆ. ಹೊರಸುತ್ತು ಉಳಿದಿರುವುದರಿಂದ ಮಾರ್ಪಾಟಾದ ಬಳಿಕವೂ ಕ್ಲಿಪ್ಪಿಲ್ಲದೆ, ಬಿಡಿ ಕಾಡತೂಸುಗಳಿಂದ ಅಥವಾ ಸ್ಪೀಡ್ ಲೋಡರಿನಿಂದ ಅದನ್ನು ಬಳಸಬಹುದು. ಹೊಸ ಸಾಮರ್ಥ್ಯ ಸೇರುತ್ತದೆ, ಹಳೆಯದು ಹೋಗುವುದಿಲ್ಲ. ಖರ್ಚು ಮಾಡುವ ಗ್ರಾಹಕನಿಗೆ ಇದು ಸಣ್ಣ ಸಮಾಧಾನವಲ್ಲ.

ಕೇಳಲು ಸರಳವೆನಿಸುವ ಈ ಕೆಲಸದ ಅಪಾಯವಿರುವುದು ಅದರ ಮಿತಿಗಳಲ್ಲಿ. ಚಾಂಫರನ್ನು ಅತಿಯಾಗಿ ಇಳಿಸಿದರೆ ಕೋಶದ ಬುಡಕ್ಕೆ ಸುತ್ತಲಿನ ಲೋಹದ ಆಸರೆ ತಪ್ಪುತ್ತದೆ; ಗುಂಡು ಸಿಡಿದಾಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಬಹುದು. ಎಕ್ಸ್‌ಟ್ರ್ಯಾಕ್ಟರಿನ ಅಂಚನ್ನು ಹೆಚ್ಚು ಸವೆಸಿದರೆ ಕ್ಲಿಪ್ಪಿಲ್ಲದ ಕಾಡತೂಸಿನ ರಿಮ್ ಅದರ ಮೇಲಿಂದ ಜಾರಿ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದೇ ನಕ್ಷತ್ರದ ನಡುವೆ ಸಿಲಿಂಡರನ್ನು ತಿರುಗಿಸುವ ಹಲ್ಲುಗಳಿವೆ. ಕಟ್ಟರ್ ಅವಕ್ಕೆ ತಗುಲಿತೆಂದರೆ ರಂಧ್ರವೂ ನಳಿಕೆಯೂ ಒಂದೇ ನೇರಕ್ಕೆ ಬಾರದೆ ರಿವಾಲ್ವರೇ ಅಪಾಯಕಾರಿಯಾಗುತ್ತದೆ. ಕಾರ್ಖಾನೆಯ ಹೊರಗೆ ಮಾರ್ಪಾಟಾದ ಆಯುಧಕ್ಕೆ ತಯಾರಕರ ಖಾತರಿ ಸಾಮಾನ್ಯವಾಗಿ ದೊರೆಯುವುದೂ ಇಲ್ಲ. ತೆಗೆದ ಲೋಹವನ್ನು ಮರಳಿ ಸೇರಿಸಲಾಗದು. ಕೆಟ್ಟ ಸಿಲಿಂಡರಿಗೆ ಹೊಸ ಸಿಲಿಂಡರೇ ಪರಿಹಾರ. ಆದ್ದರಿಂದಲೇ ಇದು ಪರವಾನಗಿ ಪಡೆದ ಗನ್‌ಸ್ಮಿತ್, ಅಂದರೆ ಬಂದೂಕಿನ ದುರಸ್ತಿ ಮತ್ತು ಮಾರ್ಪಾಟಿನಲ್ಲಿ ಪಳಗಿದ ಕುಶಲಕರ್ಮಿ, ತನ್ನದೇ ಜಿಗ್ ಮತ್ತು ಫಿಕ್ಸ್‌ಚರುಗಳೊಂದಿಗೆ ಮಾಡುವ ಕೆಲಸವಾಗಿ ಉಳಿದಿದೆ. ಗ್ರಾಹಕ ಹಣ ಕೊಡುವುದು ತೆಗೆದ ಲೋಹಕ್ಕಲ್ಲ, ಎಲ್ಲಿ ನಿಲ್ಲಿಸಬೇಕೆಂಬ ಅರಿವಿಗೆ.

ಟೈಟಾನಿಯಂ ಸಿಲಿಂಡರುಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ತೂಕ ಕಡಿಮೆಯಾದ್ದರಿಂದ ಅವು ವೇಗವಾಗಿ ತಿರುಗಿ ವೇಗವಾಗಿ ನಿಲ್ಲುತ್ತವೆ. ಆದರೆ ಮೇಲ್ಮೈಯ ರಕ್ಷಣಾ ಪದರ ಹೋಗುವುದರಿಂದ ಅವುಗಳ ರಂಧ್ರಗಳನ್ನು ಉಜ್ಜುಪುಡಿಯಿಂದ ನಯಗೊಳಿಸಬಾರದು. ಉಕ್ಕಿನ ಮೇಲೆ ಕಲಿತ ಕೈಚಳಕವನ್ನು ಟೈಟಾನಿಯಂ ಮೇಲೆ ಪ್ರಯೋಗಿಸಿದವರು ದಂಡ ತೆತ್ತ ಮೇಲೆಯೇ ಪಾಠ ಕಲಿಯುತ್ತಾರೆ.

ಕಾಡತೂಸಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಗಿಡ್ಡ ಕೋಶ ಬೇಗ ಒಳಹೋಗುತ್ತದೆ, ಸಲೀಸಾಗಿ ಹೊರಬೀಳುತ್ತದೆ. .357ರ ಉದ್ದನೆಯ ಕೋಶವನ್ನು ಹೊರಹಾಕಲು ಎಕ್ಸ್‌ಟ್ರ್ಯಾಕ್ಟರ್ ಕಡ್ಡಿಯ ಚಲನೆ ಸಾಲದೆ ಕೋಶಗಳು ಅರ್ಧದಲ್ಲಿ ನಿಲ್ಲುವುದುಂಟು. ಈ ಕಾರಣಕ್ಕೆ 1870ರ ದಶಕದ .38 ಶಾರ್ಟ್ ಕೋಲ್ಟ್ ಎಂಬ, ಬಹುತೇಕ ಮರೆತೇಹೋಗಿದ್ದ ಕಾಡತೂಸಿಗೆ ಸ್ಪರ್ಧಿಗಳ ನಡುವೆ ಎರಡನೆಯ ಆಯುಷ್ಯ ದೊರೆಯಿತು. ಸತ್ತ ಸರಕಿಗೆ ಮಾರುಕಟ್ಟೆ ಹುಟ್ಟಿಸುವ ಶಕ್ತಿಯೂ ನಿಯಮಪುಸ್ತಕಕ್ಕೆ ಇದೆಯೆಂಬುದಕ್ಕೆ ಇದೊಂದು ನಿದರ್ಶನ.

ಅರ್ಧ ಸೆಕೆಂಡಿನ ಲೆಕ್ಕ

ಪ್ರಾಯೋಗಿಕ ಶೂಟಿಂಗ್ ಎಂಬ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಸಿ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸ್ಥಾಪನೆಯಾಯಿತು. ಅಮೆರಿಕದ ಸಂಸ್ಥೆ ಯುಎಸ್‌ಪಿಎಸ್‌ಎ 1984ರಲ್ಲಿ ರೂಪುಗೊಂಡಿತು. ಈ ಕ್ರೀಡೆಯಲ್ಲಿ ಅಂಕವನ್ನು ಸಮಯದಿಂದ ಭಾಗಿಸಿ ಬರುವ ಹಿಟ್ ಫ್ಯಾಕ್ಟರೇ ಫಲಿತಾಂಶ. ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಗಳಿಸಿದವನಿಗೆ ಆ ಸುತ್ತಿನ ಪೂರ್ಣ ಅಂಕ, ಉಳಿದವರಿಗೆ ಅದೇ ಪ್ರಮಾಣದಲ್ಲಿ.

ಗುರಿಯ ನಡುವಲಯಕ್ಕೆ 5 ಅಂಕ. ಅದರ ಹೊರಗಿನ ವಲಯಕ್ಕೆ ಎಷ್ಟು ಎಂಬುದು ಕಾಡತೂಸಿನ ಬಲವನ್ನು ಅವಲಂಬಿಸಿದೆ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ತೆಗೆಯುವ ಪವರ್ ಫ್ಯಾಕ್ಟರ್ 165 ಮುಟ್ಟಿದರೆ ಅದು ಮೇಜರ್, ಹೊರವಲಯಕ್ಕೆ 4 ಅಂಕ. 125 ಮುಟ್ಟಿ 165 ಮುಟ್ಟದಿದ್ದರೆ ಮೈನರ್, ಹೊರವಲಯಕ್ಕೆ 3 ಅಂಕ. ಬಲವಾದ ಕಾಡತೂಸು ಹೆಚ್ಚು ಒದೆಯುವುದರಿಂದ ಈ ಪರಿಹಾರ. ಇನ್ನೊಂದು ನಿಯಮವೂ ಮುಖ್ಯ. ಒಂದೇ ನಿಲುವಿನಿಂದ 8ಕ್ಕಿಂತ ಹೆಚ್ಚು ಹೊಡೆತಗಳನ್ನು ಅಪೇಕ್ಷಿಸುವಂತೆ ಸುತ್ತನ್ನು ರೂಪಿಸುವಂತಿಲ್ಲ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕು ನಿಲುವುಗಳು, ಪ್ರತಿಯೊಂದರಲ್ಲಿ 8 ಹೊಡೆತ, ಒಟ್ಟು 32 ಹೊಡೆತ, ಗರಿಷ್ಠ 160 ಅಂಕ. ಸ್ಪರ್ಧಿಯ 24 ಹೊಡೆತ ನಡುವಲಯಕ್ಕೂ 8 ಹೊಡೆತ ಹೊರವಲಯಕ್ಕೂ ಬಿದ್ದವೆನ್ನೋಣ. ಒಂದು ನಿಲುವಿನಿಂದ ಇನ್ನೊಂದಕ್ಕೆ ಓಡುವಾಗ ತುಂಬಿಸಿಕೊಳ್ಳುವುದಕ್ಕೆ ಹೆಚ್ಚಿನ ಸಮಯ ತಗುಲದು. ಕಾಲು ಓಡುತ್ತಿರುವಾಗಲೇ ಕೈ ತನ್ನ ಕೆಲಸ ಮುಗಿಸುತ್ತದೆ. ನಷ್ಟವಾಗುವುದು ನಿಂತಲ್ಲೇ ತುಂಬಿಸುವಾಗ. ಆರು ಗುಂಡಿನ ರಿವಾಲ್ವರಿನಲ್ಲಿ 8 ಹೊಡೆತ ಮುಗಿಸಲು ಪ್ರತಿ ನಿಲುವಿನಲ್ಲೂ ಒಮ್ಮೆ ನಿಂತು ತುಂಬಿಸಲೇಬೇಕು. ಅಂದರೆ ನಾಲ್ಕು ಬಾರಿ.

ಈ ನಾಲ್ಕನ್ನು ಬಿಟ್ಟು ಉಳಿದ ಸಮಯ 24 ಸೆಕೆಂಡು ಎಂದೂ, ಮಾರ್ಪಾಟಿಲ್ಲದ ಸಿಲಿಂಡರನ್ನು ತುಂಬಿಸಲು 2 ಸೆಕೆಂಡು ಬೇಕೆಂದೂ ಇಟ್ಟುಕೊಂಡರೆ ಒಟ್ಟು 32 ಸೆಕೆಂಡು. ಮೇಜರ್ ಲೆಕ್ಕದಲ್ಲಿ ಅಂಕ 152. ಹಿಟ್ ಫ್ಯಾಕ್ಟರ್ 4.75. ಚಾಂಫರ್ ಮಾಡಿದ ಸಿಲಿಂಡರಿನಿಂದ ಪ್ರತಿ ಬಾರಿಯೂ ಅರ್ಧ ಸೆಕೆಂಡು ಉಳಿದರೆ ಒಟ್ಟು 30 ಸೆಕೆಂಡು, ಹಿಟ್ ಫ್ಯಾಕ್ಟರ್ 5.07. ಇವರಿಬ್ಬರೇ ಕಣದಲ್ಲಿದ್ದರೆ ಎರಡನೆಯವನಿಗೆ ಪೂರ್ಣ 160, ಮೊದಲನೆಯವನಿಗೆ 150. ಗುರಿಯಲ್ಲಿ ಇಬ್ಬರೂ ಸಮಾನರು. 10 ಅಂಕದ ಅಂತರ ಬಂದದ್ದು ಸಿಲಿಂಡರಿನ ಬಾಯಂಚಿನಿಂದ. ಇಂಥ ಅಂತರಕ್ಕೆ ಸ್ಪರ್ಧಿಗಳು ಸಂತೋಷದಿಂದ ಹಣ ತೆರುತ್ತಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ಬಾರಿ ಎಂಬ ಅಂಶವೇ ಇಲ್ಲಿ ಗುಣಕ. ನಿಂತು ತುಂಬಿಸುವ ಸಂದರ್ಭಗಳು ಹೆಚ್ಚಿದಷ್ಟೂ ಮಾರ್ಪಾಟಿನ ಮೌಲ್ಯ ಹೆಚ್ಚು.

2014ರ ಬದಲಾವಣೆ

ಯುಎಸ್‌ಪಿಎಸ್‌ಎ ಸಂಸ್ಥೆಯ ರಿವಾಲ್ವರ್ ವಿಭಾಗದಲ್ಲಿ ಹಿಂದೆ ಆರಕ್ಕೆ ಮೇಲ್ಪಟ್ಟು ಗುಂಡು ಹಾರಿಸಿ ತುಂಬಿಸುವಂತಿರಲಿಲ್ಲ. 2014ರಲ್ಲಿ ಎಂಟು ಗುಂಡಿನ ರಿವಾಲ್ವರಿಗೂ ಅವಕಾಶ ನೀಡಲಾಯಿತು. ಆದರೆ ಅದಕ್ಕೆ ಮೈನರ್ ಲೆಕ್ಕವೇ ಅನ್ವಯ. ನೋಡಲು ಇದು ಸಮತೂಕದ ಏರ್ಪಾಡು. ಆರರವನಿಗೆ ಬಲದ ಲಾಭ, ಎಂಟರವನಿಗೆ ಸಂಖ್ಯೆಯ ಲಾಭ.

ಹಿಂದಿನ ಉದಾಹರಣೆಗೇ ಎಂಟರವನನ್ನು ತಂದರೆ ಸಮತೂಕ ಎಷ್ಟು ನಿಜವೆಂಬುದು ತಿಳಿಯುತ್ತದೆ. ಪ್ರತಿ ನಿಲುವಿಗೂ 8 ಹೊಡೆತ, ಸಿಲಿಂಡರಿನಲ್ಲೂ 8 ಗುಂಡು. ನಿಂತು ತುಂಬಿಸುವ ಪ್ರಸಂಗವೇ ಇಲ್ಲ. ಸಮಯ 24 ಸೆಕೆಂಡು. ಮೈನರ್ ಲೆಕ್ಕದಲ್ಲಿ ಅಂಕ 144. ಹಿಟ್ ಫ್ಯಾಕ್ಟರ್ 6.00. ಈಗ 160 ಅಂಕ ಇವನಿಗೆ. ಚಾಂಫರ್ ಮಾಡಿಸಿದ ಆರರವನಿಗೆ 135, ಮಾಡಿಸದವನಿಗೆ 127. ಆರರವನು ಎಂಟರವನನ್ನು ಸರಿಗಟ್ಟಬೇಕಾದರೆ 25.33 ಸೆಕೆಂಡಿನಲ್ಲಿ ಮುಗಿಸಬೇಕು. ಅಂದರೆ ನಾಲ್ಕು ಬಾರಿ ತುಂಬಿಸುವುದಕ್ಕೆ ಒಟ್ಟು 1.33 ಸೆಕೆಂಡು, ಒಂದಕ್ಕೆ ಒಂದು ಸೆಕೆಂಡಿನ ಮೂರನೆಯ ಒಂದು ಭಾಗ. ಯಾವ ಕುಶಲಕರ್ಮಿಯೂ ಅಂಥ ಸಿಲಿಂಡರನ್ನು ಮಾಡಿಕೊಡಲಾರ, ಯಾವ ಕೈಯೂ ಅಂಥ ವೇಗದಲ್ಲಿ ತುಂಬಿಸಲಾರದು. ಎಂಟರವನ ಒಂದು ಹೊಡೆತ ತಪ್ಪಿದರೆ ಒಂಬತ್ತನೆಯ ಗುಂಡಿಗಾಗಿ ಅವನೂ ನಿಲ್ಲಬೇಕು, ಇಲ್ಲವೇ ತಪ್ಪಿದ ಗುರಿಯ ದಂಡ ತೆರಬೇಕು ಎಂಬುದು ನಿಜ. ಎಲ್ಲ ಸುತ್ತುಗಳೂ ಹೀಗೆ 8ರ ಗುಂಪುಗಳಲ್ಲೇ ಇರುವುದಿಲ್ಲ ಎಂಬುದೂ ನಿಜ. ಆದರೂ ಸರಾಸರಿಯ ಒಲವು ಯಾವ ಕಡೆಗೆಂಬುದನ್ನು ಮರೆಮಾಚಲಾಗದು.

ಇದರ ಪರಿಣಾಮ ಸಲಕರಣೆಯ ಮೇಲೆ ಬಿತ್ತು. ವರ್ಷಗಟ್ಟಲೆ ತಿದ್ದಿ ತೀಡಿಸಿಕೊಂಡ 625ನೇ ಮಾದರಿಯ ರಿವಾಲ್ವರುಗಳು, ಅವಕ್ಕೆ ಹೊಂದುವ ಡಜನುಗಟ್ಟಲೆ ಕ್ಲಿಪ್ಪುಗಳು, ಬೆಲ್ಟಿನ ಹಿಡಿಕೆಗಳು, .45ರ ಹಿತ್ತಾಳೆ ಕೋಶಗಳ ಸಂಗ್ರಹ, ಎಲ್ಲವೂ ಕೆಡದೆ ಸವೆಯದೆ ಇದ್ದಲ್ಲಿಯೇ ಇದ್ದು ಸ್ಪರ್ಧಾಮೌಲ್ಯವನ್ನು ಕಳೆದುಕೊಂಡವು. ಅದೇ 2014ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯು ಮಿಕುಲೆಕ್ ಅವರ ಹೆಸರಿನಲ್ಲಿಯೇ 9 ಮಿ.ಮೀ. ಕಾಡತೂಸಿನ, ಎಂಟು ಗುಂಡಿನ, ಟೈಟಾನಿಯಂ ಸಿಲಿಂಡರಿನ 929ನೇ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಆರು ಗುಂಡಿನ ರಿವಾಲ್ವರಿನ ಮೇಲೆ ಖರ್ಚು ಮಾಡಿದವರು ಸಾವಿರ ಡಾಲರಿಗೂ ಮಿಕ್ಕಿದ ಮತ್ತೊಂದು ಖರೀದಿಗೆ ಸಿದ್ಧರಾಗಬೇಕಾಯಿತು, ಇಲ್ಲವೇ ಹಿಂದುಳಿಯಲು ಒಪ್ಪಬೇಕಾಯಿತು.

ನಮ್ಮಲ್ಲಿಯ ಲೆಕ್ಕಪತ್ರ ಮಾನದಂಡ 28 ಆಸ್ತಿಯ ಮೌಲ್ಯಕುಸಿತದ ಸೂಚನೆಗಳನ್ನು ಪಟ್ಟಿಮಾಡುವಾಗ ತಾಂತ್ರಿಕ, ಮಾರುಕಟ್ಟೆಯ, ಆರ್ಥಿಕ ಅಥವಾ ಕಾನೂನಿನ ಪರಿಸರದಲ್ಲಿ ಆಗುವ ಪ್ರತಿಕೂಲ ಬದಲಾವಣೆಯನ್ನೂ ಸೇರಿಸಿದೆ. ಯಂತ್ರ ಸವೆಯದಿದ್ದರೂ ಅದರ ಮೌಲ್ಯ ಕುಸಿಯಬಹುದೆಂಬ ಈ ತತ್ತ್ವಕ್ಕೆ ಇಷ್ಟು ಶುದ್ಧವಾದ ಉದಾಹರಣೆ ಸಿಗುವುದು ವಿರಳ. ಸವಕಳಿ ಪಟ್ಟಿಯಲ್ಲಿ ಪ್ರತಿವರ್ಷ ನಿಗದಿತ ದರವನ್ನು ಬರೆದುಕೊಂಡು ನೆಮ್ಮದಿಯಿಂದಿರುವ ನಮ್ಮ ಉದ್ಯಮಿಗಳಲ್ಲಿ ಎಷ್ಟು ಮಂದಿ ಈ ಇನ್ನೊಂದು ಪರೀಕ್ಷೆಯನ್ನು ನಡೆಸುತ್ತಾರೆಂಬುದು ಸಂಶಯಾಸ್ಪದ.

ಯಂತ್ರಶಾಲೆಯ ಮಾಲೀಕನಿಗೆ ಹೊಡೆತ ಬೇರೆ ಬಗೆಯದು. ಎಂಟು ಗುಂಡಿನ ರಿವಾಲ್ವರುಗಳಿಗೂ ಚಾಂಫರ್ ಬೇಕೇ ಬೇಕು, ಆ ಕೆಲಸ ಉಳಿಯಿತು. ಆದರೆ ಕ್ಲಿಪ್ಪಿಗೆ ತಗ್ಗು ಕೊರೆಯುವ ದೊಡ್ಡ ಕೆಲಸ ಕ್ರಮೇಣ ಕಾರ್ಖಾನೆಗಳ ಪಾಲಾಯಿತು. 929ನೇ ಮಾದರಿಯಷ್ಟೇ ಅಲ್ಲ, ರೂಗರ್ ಕಂಪನಿ 2019ರಲ್ಲಿ ತಂದ ಎಂಟು ಗುಂಡಿನ ಸೂಪರ್ ಜಿಪಿ100 ಕೂಡ ಮೂನ್ ಕ್ಲಿಪ್ಪಿಗೆ ಸಿದ್ಧವಾಗಿಯೇ ಬಂತು. ಸಣ್ಣವರು ಮಾಡಿ ತೋರಿಸಿದ ಬೇಡಿಕೆಯನ್ನು ದೊಡ್ಡವರು ತಮ್ಮ ಉತ್ಪನ್ನದೊಳಗೆ ಸೇರಿಸಿಕೊಳ್ಳುವುದು ಎಲ್ಲ ಉದ್ದಿಮೆಗಳಲ್ಲೂ ಕಂಡದ್ದೇ.

ಪರವಾನಗಿ ಮತ್ತು ಶುಲ್ಕ

ಅಮೆರಿಕದ ಕಾನೂನಿನಲ್ಲಿ ರಿವಾಲ್ವರಿನ ಚೌಕಟ್ಟು ಮಾತ್ರ ಬಂದೂಕು ಎನಿಸಿಕೊಳ್ಳುತ್ತದೆ. ಕ್ರಮಸಂಖ್ಯೆ ಇರುವುದೂ, ಮಾರಾಟದ ದಾಖಲೆ ಬೇಕಾಗುವುದೂ ಅದಕ್ಕೇ. ಸಿಲಿಂಡರ್ ಬರಿಯ ಬಿಡಿಭಾಗ. ಹೀಗಾಗಿ ಗ್ರಾಹಕನು ಸಿಲಿಂಡರನ್ನಷ್ಟೇ ಕಳಚಿ, ಸಾಮಾನ್ಯ ಪಾರ್ಸೆಲ್ಲಿನಲ್ಲಿ ಯಂತ್ರಶಾಲೆಗೆ ಕಳುಹಿಸಿ, ತಿದ್ದಿಸಿಕೊಂಡು ಮರಳಿ ಪಡೆಯಬಹುದು. ಒಂದು ಮೂಲೆಯ ಊರಿನಲ್ಲಿರುವ ಪುಟ್ಟ ಯಂತ್ರಶಾಲೆ ಇಡೀ ದೇಶದ ಗ್ರಾಹಕರಿಗೆ ಕೆಲಸ ಮಾಡಿಕೊಡಲು ಸಾಧ್ಯವಾಗಿರುವುದು ಈ ಒಂದು ವ್ಯಾಖ್ಯೆಯಿಂದ.

ಇಡೀ ಬಂದೂಕನ್ನು ಸ್ವೀಕರಿಸಿ ಕೆಲಸ ಮಾಡುವ ಗನ್‌ಸ್ಮಿತ್ತಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಮೊದಲ ಮೂರು ವರ್ಷಕ್ಕೆ ಶುಲ್ಕ 200 ಡಾಲರ್, ನವೀಕರಣಕ್ಕೆ 90 ಡಾಲರ್. ತಯಾರಕನ ಪರವಾನಗಿಗೆ ಮೂರು ವರ್ಷಕ್ಕೆ 150 ಡಾಲರ್. ಹೊಸ ಪಿಸ್ತೂಲು ಮತ್ತು ರಿವಾಲ್ವರುಗಳ ತಯಾರಕರು ಶೇ. 10ರಷ್ಟು ಕೇಂದ್ರ ಅಬಕಾರಿ ಸುಂಕ ಕಟ್ಟಬೇಕು; ಇತರ ಬಂದೂಕು ಹಾಗೂ ಮದ್ದುಗುಂಡಿಗೆ ಶೇ. 11. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯಿದೆಯಡಿ ಬಂದೂಕಿನ ಸುಂಕದ ಹಣ ವನ್ಯಜೀವಿ ಸಂರಕ್ಷಣೆಗೆ ಸಲ್ಲುತ್ತದೆ. ವರ್ಷಕ್ಕೆ 50ಕ್ಕಿಂತ ಕಡಿಮೆ ಬಂದೂಕು ತಯಾರಿಸುವವರಿಗೆ 2005ರ ಅಕ್ಟೋಬರಿನಿಂದ ವಿನಾಯಿತಿ ಇದೆ. ಇಷ್ಟೆಲ್ಲ ಸಣ್ಣ ಉದ್ದಿಮೆಗೆ ಹೊರೆಯೆನಿಸದ ಮೊತ್ತಗಳೇ.

ಹೊರೆಯಾದದ್ದು 2016ರ ಜುಲೈನಲ್ಲಿ. ಶಸ್ತ್ರಾಸ್ತ್ರ ರಫ್ತನ್ನು ನಿಯಂತ್ರಿಸುವ ವಿದೇಶಾಂಗ ಇಲಾಖೆಯ ವಿಭಾಗವು ಯಾರು ತಯಾರಕರೆಂದು ನೋಂದಾಯಿಸಿಕೊಳ್ಳಬೇಕು ಎಂಬ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಬಂದೂಕಿನ ಸಾಮರ್ಥ್ಯವನ್ನು ಹೆಚ್ಚಿಸುವಂಥ ಯಂತ್ರಕೆಲಸವೂ ತಯಾರಿಕೆಯೇ ಎಂಬ ಅರ್ಥ ಅದರಲ್ಲಿತ್ತು. ನೋಂದಣಿ ಶುಲ್ಕ ವರ್ಷಕ್ಕೆ 2,250 ಡಾಲರ್. ಒಂದು ಬಂದೂಕನ್ನೂ ರಫ್ತು ಮಾಡದವನಿಗೂ ಇದು ಅನ್ವಯ. ಸಿಲಿಂಡರಿನ ಬಾಯಂಚನ್ನು ಇಳಿಜಾರಾಗಿಸುವುದು ಸಾಮರ್ಥ್ಯ ಹೆಚ್ಚಳವೇ? ಮೂನ್ ಕ್ಲಿಪ್ಪಿಗೆ ತಗ್ಗು ಕೊರೆಯುವುದು? ಬೇಗ ತುಂಬಿಸುವುದು ಸಾಮರ್ಥ್ಯವೋ ಬರಿಯ ಅನುಕೂಲವೋ? ಮೂರು ವರ್ಷಕ್ಕೆ 200 ಡಾಲರ್ ತೆರುತ್ತಿದ್ದವನ ಮುಂದೆ ಮೂರು ವರ್ಷಕ್ಕೆ 6,750 ಡಾಲರಿನ ಸಾಧ್ಯತೆ ಎದುರಾಯಿತು. ಬಿಡುವಿನ ವೇಳೆಯಲ್ಲಿ ತಿಂಗಳಿಗೆ ನಾಲ್ಕೈದು ಸಿಲಿಂಡರು ತಿದ್ದುವವನಿಗೆ ಇದು ಲಾಭವನ್ನೆಲ್ಲ ನುಂಗುವ ಮೊತ್ತ. 2020ರ ಮಾರ್ಚ್ 9ರಂದು ಸಾಮಾನ್ಯ ಬಂದೂಕುಗಳ ರಫ್ತು ನಿಯಂತ್ರಣವು ವಾಣಿಜ್ಯ ಇಲಾಖೆಗೆ ವರ್ಗವಾದ ಮೇಲೆ ಇಂಥವರಿಗೆ ಈ ನೋಂದಣಿಯ ಅಗತ್ಯ ತಪ್ಪಿತು. ನಡುವಿನ ಮೂರೂವರೆ ವರ್ಷಗಳ ಅನಿಶ್ಚಿತತೆಗೆ ಮಾತ್ರ ಯಾರೂ ಪರಿಹಾರ ಕೊಡಲಿಲ್ಲ.

ನಮ್ಮ ರಾಜ್ಯದ ಪೀಣ್ಯ ಅಥವಾ ಬೆಳಗಾವಿಯ ಯಂತ್ರಶಾಲೆಗಳ ಮಾಲೀಕರಿಗೆ ಈ ಕೆಲಸ ನಮ್ಮ ಕೈಗೂ ಎಟಕುವಂಥದ್ದೇ ಎಂದು ಅನಿಸಬಹುದು. ಯಂತ್ರದ ದೃಷ್ಟಿಯಿಂದ ಅದು ಸರಿ, ಕಾನೂನಿನ ದೃಷ್ಟಿಯಿಂದ ತಪ್ಪು. 1959ರ ಆಯುಧ ಕಾಯಿದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ, ಆಯುಧ ತಯಾರಿಸುವ ಯಂತ್ರಗಳೂ ಆಯುಧವೇ. ಐದನೆಯ ಕಲಮಿನಂತೆ ತಯಾರಿಕೆ ಮತ್ತು ಮಾರಾಟಕ್ಕಷ್ಟೇ ಅಲ್ಲ, ದುರಸ್ತಿ, ಪರೀಕ್ಷೆ, ಮಾರ್ಪಾಟುಗಳಿಗೂ ಪರವಾನಗಿ ಕಡ್ಡಾಯ. ಅಮೆರಿಕದಲ್ಲಿ ಅಂಚೆಯಲ್ಲಿ ಓಡಾಡುವ ಸಿಲಿಂಡರು ಇಲ್ಲಿ ಪರವಾನಗಿಯಿಲ್ಲದವನ ಮೇಜಿನ ಮೇಲಿದ್ದರೆ ಅದು ಅಪರಾಧ. ಪರಿಚಯದವರ ರಿವಾಲ್ವರನ್ನು ಉಪಕಾರಕ್ಕೆಂದು ತಿದ್ದಿಕೊಡಲು ಹೋಗುವುದು ಕೂಡ ಸಲ್ಲದು.

ಕ್ಲಿಪ್ಪಿನ ವ್ಯಾಪಾರ

ಈ ಉದ್ದಿಮೆಯಲ್ಲಿ ನಿಯಮದ ಬದಲಾವಣೆಗೂ ಶುಲ್ಕದ ಏರಿಳಿತಕ್ಕೂ ಅಷ್ಟಾಗಿ ಅಲುಗದೆ ಉಳಿದದ್ದು ಕ್ಲಿಪ್ಪಿನ ಮಾರಾಟ. ಸಿಲಿಂಡರನ್ನು ಒಮ್ಮೆ ತಿದ್ದಿಸಿದವನು ಮತ್ತೆ ಬರುವುದಿಲ್ಲ. ಕ್ಲಿಪ್ ಕೊಂಡವನು ಮತ್ತೆ ಮತ್ತೆ ಬರುತ್ತಾನೆ. ಹಿಂದಿನ ಉದಾಹರಣೆಯ ಒಂದೇ ಸುತ್ತಿಗೆ ಎಂಟರವನಿಗೆ 4, ಆರರವನಿಗೆ 8 ಕ್ಲಿಪ್ ಬೇಕು. ನೆಲಕ್ಕೆ ಬಿದ್ದದ್ದನ್ನು ಯಾರಾದರೂ ತುಳಿದರೆ ತಗಡು ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದ ಕ್ಲಿಪ್ ಕೂಡ ಸಿಲಿಂಡರ್ ತಿರುಗದಂತೆ ತಡೆದು ಇಡೀ ಸುತ್ತನ್ನು ಕೆಡಿಸಬಲ್ಲದು. ಆದ್ದರಿಂದ ಅನುಭವಿಗಳು ತುಂಬಿಸಿದ ಪ್ರತಿ ಕ್ಲಿಪ್ಪನ್ನೂ ಸ್ಪರ್ಧೆಗೆ ಮುನ್ನ ಪರೀಕ್ಷಿಸಿ, ಸಂಶಯವಿದ್ದದ್ದನ್ನು ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟದ್ದರ ಜಾಗಕ್ಕೆ ಹೊಸದು ಬೇಕು.

ಇದರೊಂದಿಗೆ ಹಿತ್ತಾಳೆ ಕೋಶಗಳ ಗಾಡಿಯ ಅಳತೆ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಒಂದೊಂದು ಬ್ರ್ಯಾಂಡಿನ ಕೋಶಕ್ಕೆ ಹೊಂದುವ ಒಂದೊಂದು ದಪ್ಪದ ಕ್ಲಿಪ್ಪುಗಳು ಮಾರುಕಟ್ಟೆಯಲ್ಲಿವೆ. ಸಡಿಲವಾದರೆ ಕಾಡತೂಸು ಜೋತಾಡುತ್ತದೆ, ಬಿಗಿಯಾದರೆ ಸಿಕ್ಕಿಸಲಾಗದು. ಸಿಕ್ಕಿಸುವುದಕ್ಕೊಂದು, ಬಿಡಿಸುವುದಕ್ಕೊಂದು ಬೇರೆ ಕೈಸಾಧನವೂ ಬೇಕು. ಮಾರಾಟಗಾರನ ಕಡೆಯಿಂದ ನೋಡಿದರೆ ಪ್ರತಿ ಮಾದರಿ, ಪ್ರತಿ ದಪ್ಪ, ಪ್ರತಿ ಬ್ರ್ಯಾಂಡಿಗೆ ಬೇರೆ ಬೇರೆ ದಾಸ್ತಾನು ಇಡಬೇಕಾದ ತಲೆನೋವೂ ಇದೇ. 2014ರ ನಂತರ ಆರು ಗುಂಡಿನ ಕ್ಲಿಪ್ಪುಗಳನ್ನು ಹೆಚ್ಚಾಗಿ ಇಟ್ಟುಕೊಂಡಿದ್ದವನ ಪುಸ್ತಕದಲ್ಲಿ ಅವುಗಳ ಬೆಲೆ ಎಷ್ಟಿರಬೇಕಿತ್ತು? ದಾಸ್ತಾನನ್ನು ಖರೀದಿ ಬೆಲೆ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಬರೆಯಬೇಕೆಂಬುದು ಎಲ್ಲ ದೇಶಗಳ ಲೆಕ್ಕಿಗರೂ ಒಪ್ಪುವ ಮಾತು.

ಆ ಮೌಲ್ಯ ಸೊನ್ನೆಗಂತೂ ಇಳಿಯಲಿಲ್ಲ. ರಿವಾಲ್ವರಿಗಾಗಿಯೇ 1991ರಲ್ಲಿ ಆರಂಭವಾದ ಐಕೋರ್ ಎಂಬ ಸ್ಪರ್ಧಾಸಂಸ್ಥೆಯು ತನ್ನದೊಂದು ವಿಭಾಗವನ್ನು ಆರು ಗುಂಡಿನ ರಿವಾಲ್ವರಿಗೇ ಮೀಸಲಿಟ್ಟಿದೆ. ಅಲ್ಲಿ ಮೂನ್ ಕ್ಲಿಪ್ಪಿಗೆ ಪ್ರವೇಶವಿಲ್ಲ, ಸ್ಪೀಡ್ ಲೋಡರ್ ಮಾತ್ರ. ಆ ವಿಭಾಗಕ್ಕೆ ಹೋಗುವವನಿಗೆ ಬೇಕಾದದ್ದು ಚಾಂಫರ್ ಮಾಡಿದ ಸಿಲಿಂಡರ್, ಕ್ಲಿಪ್ ಬೇಡ. .45ರ ದಪ್ಪ ಗಿಡ್ಡ ಕಾಡತೂಸಿನಷ್ಟು ಸಲೀಸಾಗಿ ಸಿಲಿಂಡರಿಗೆ ಇಳಿಯುವುದು ಬೇರೊಂದಿಲ್ಲವೆಂಬ ಕಾರಣಕ್ಕೆ 625ನೇ ಮಾದರಿಯನ್ನು ಬಿಡಲೊಪ್ಪದವರೂ ಇದ್ದಾರೆ. ಅವರ ಕ್ಲಿಪ್ಪುಗಳೂ ಆಗಾಗ ಬಾಗುತ್ತವೆ.